ಯುದ್ಧದ ನೆರೆಯಲ್ಲಿರುವ ಜೋರ್ಡಾನ್‌ಗೆ ಹಿರಿಯರನ್ನು ಕಳುಹಿಸಬಹುದೇ? – ಪ್ರಶ್ನೋತ್ತರ

ಪ್ರಶ್ನೆ (ಬಂಟ್ವಾಳದಿಂದ ಒಬ್ಬ ಸದಸ್ಯೆ): ನಮಸ್ಕಾರ ಸರ್. ನಮ್ಮ ಚರ್ಚಿನಿಂದ 38 ಜನರ ತಂಡ 2025ರ ನವೆಂಬರ್ ಕೊನೆಯ ವಾರ ಪವಿತ್ರ ನಾಡಿನ ಯಾತ್ರೆಗೆ ಹೊರಟಿದ್ದು, ಅದರಲ್ಲಿ 72 ವರ್ಷದ ಅಪ್ಪ, 67 ವರ್ಷದ ಅಮ್ಮ ಇದ್ದಾರೆ. ಮೊದಲು ಜೋರ್ಡಾನ್, ಅಲ್ಲಿಂದ ಜೋರ್ಡಾನ್ ನದಿಯ ಸೇತುವೆ ದಾಟಿ ಜೆರುಸಲೇಮ್, ಕೊನೆಗೆ ಈಜಿಪ್ಟ್. 2025ರ ಅಕ್ಟೋಬರ್ 10ರಂದು ಗಾಜಾದಲ್ಲಿ ಕದನ ವಿರಾಮ ಜಾರಿಗೆ ಬಂದಿರುವುದರಿಂದ ಇನ್ನು ಭಯವಿಲ್ಲ, ಜೋರ್ಡಾನ್ ಅಂತೂ ಪೂರ್ತಿ ಸೇಫ್ ಎಂದು ಏಜೆಂಟರು ಹೇಳುತ್ತಾರೆ. ದುಬೈಯಲ್ಲಿರುವ ಅಣ್ಣ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾನೆ. ಅಮ್ಮನಿಗೆ ಜೋರ್ಡಾನ್ ನದಿಯ ನೀರು ಮುಟ್ಟಬೇಕೆಂಬುದು ಬಹಳ ವರ್ಷಗಳ ಆಸೆ. ಬಾಕಿ ಹಣವನ್ನು ಮುಂದಿನ ವಾರ ಕಟ್ಟಬೇಕು. ಹೇಗೆ ನಿರ್ಧಾರ ಮಾಡುವುದೆಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಮೇಡಂ. ಕೆಲಸದ ಮೇಲೆ ವಿದೇಶಕ್ಕೆ ಹೋಗುವ ಸಿಬ್ಬಂದಿಯ ಸುರಕ್ಷತೆ ನೋಡಿಕೊಳ್ಳುವುದು 16 ವರ್ಷಗಳಿಂದ ನನ್ನ ಉದ್ಯೋಗ. ಆ ಅನುಭವದ ಮೇಲೆ ಹೇಳುತ್ತೇನೆ. ಏಜೆಂಟರೂ ನಿಮ್ಮ ಅಣ್ಣನೂ ಒಂದು ಇಡೀ ದೇಶದ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದಾರೆ. ನೀವು ದೇಶವನ್ನು ಬದಿಗಿಟ್ಟು, ನಿಮ್ಮ ತಂದೆತಾಯಿ ಹೋಗುವ ದಾರಿಯನ್ನು ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ ದಿನದಿನವಾಗಿ ಬಿಡಿಸಿ ನೋಡಿ.

ಜೋರ್ಡಾನ್‌ನ ಉತ್ತರಕ್ಕೆ ಸಿರಿಯಾ, ಪೂರ್ವಕ್ಕೆ ಇರಾಕ್, ಪಶ್ಚಿಮಕ್ಕೆ ಇಸ್ರೇಲ್ ಮತ್ತು ವೆಸ್ಟ್ ಬ್ಯಾಂಕ್ ಇವೆ. ರಾಜಧಾನಿ ಅಮ್ಮಾನ್‌ನಿಂದ ಜೆರುಸಲೇಮ್ ಸುಮಾರು 70 ಕಿಲೋಮೀಟರ್ ಮಾತ್ರ. ಆದರೂ ಅಪಾಯ ಕಿಲೋಮೀಟರ್ ಲೆಕ್ಕದಲ್ಲಿ ಬರುವುದಿಲ್ಲ. 2024ರ ಜನವರಿ 28ರಂದು ಡ್ರೋನ್ ದಾಳಿಯಲ್ಲಿ ಮೂವರು ಅಮೆರಿಕನ್ ಸೈನಿಕರು ಸತ್ತದ್ದು ಜೋರ್ಡಾನ್ ನೆಲದಲ್ಲೇ; ಆದರೆ ಅದು ಈಶಾನ್ಯದ ಮೂಲೆಯಲ್ಲಿ, ಸಿರಿಯಾ ಮತ್ತು ಇರಾಕ್ ಗಡಿಗಳು ಕೂಡುವಲ್ಲಿನ ಮರುಭೂಮಿಯ ಸೇನಾ ನೆಲೆ. ಯಾವ ಯಾತ್ರಿಕನೂ ಆ ಕಡೆ ಹೋಗುವುದಿಲ್ಲ. ನಿಮ್ಮ ತಂಡ ಹೋಗುವ ಮಾದಬಾ, ನೆಬೊ ಬೆಟ್ಟ, ಮೃತ ಸಮುದ್ರ, ಪೆಟ್ರಾ ಎಲ್ಲವೂ ದೇಶದ ಪಶ್ಚಿಮ ಮತ್ತು ದಕ್ಷಿಣ ಭಾಗದಲ್ಲಿವೆ.

ನಿಮ್ಮವರಿಗೆ ಸಂಬಂಧಿಸಿದ ಅಪಾಯ ಇರುವುದು ಆಕಾಶದಲ್ಲಿ. ಇರಾನಿನಿಂದ ಇಸ್ರೇಲಿಗೆ ಹೊರಟ ಡ್ರೋನ್ ಮತ್ತು ಕ್ಷಿಪಣಿಗಳ ಹಾದಿ ಜೋರ್ಡಾನ್ ಮೇಲೆಯೇ ಹಾಯುತ್ತದೆ. 2024ರ ಏಪ್ರಿಲ್ 13ರ ರಾತ್ರಿ ಹಾಗೆ ಹಾದುಹೋದವುಗಳಲ್ಲಿ ಕೆಲವನ್ನು ಜೋರ್ಡಾನ್ ತಾನೇ ಹೊಡೆದುರುಳಿಸಿತು, ಅಮ್ಮಾನ್‌ನ ಮರ್ಜ್ ಅಲ್ ಹಮಾಮ್ ಬಡಾವಣೆಯಲ್ಲಿ ಅವಶೇಷಗಳು ಬಿದ್ದವು. ಅದೇ ವರ್ಷದ ಅಕ್ಟೋಬರ್ 1ರಂದು ಮತ್ತೆ ಹಾಗೆಯೇ ಆಯಿತು. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಮಾಡಿದ ಮೇಲೆ ಹನ್ನೆರಡು ದಿನ ಜೋರ್ಡಾನಿನ ವಾಯುಪ್ರದೇಶ ಒಮ್ಮೆ ಮುಚ್ಚುವುದು, ಒಮ್ಮೆ ತೆರೆಯುವುದು ನಡೆದೇ ಇತ್ತು. ಈ ಮೂರು ಸಲವೂ ಜೋರ್ಡಾನ್ ಗುರಿಯಾಗಿರಲಿಲ್ಲ, ಹಾದಿಯಾಗಿತ್ತು. ಆದ್ದರಿಂದ ಗಾಜಾದ ಕದನ ವಿರಾಮವನ್ನು ನೋಡಿ ಸಮಾಧಾನಪಡುವ ಏಜೆಂಟರು ತಪ್ಪು ಕಿಟಕಿಯಿಂದ ನೋಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ. ನೀವು ಗಮನಿಸಬೇಕಾದದ್ದು ಇಸ್ರೇಲ್ ಮತ್ತು ಇರಾನ್ ನಡುವಿನ ಬಿಗುವನ್ನು.

ಆ ಜೂನ್‌ನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಎಂಜಿನಿಯರ್ ಅಮ್ಮಾನ್‌ನ ಹೋಟೆಲಿನಲ್ಲಿದ್ದರು. ರಾತ್ರಿ ಸೈರನ್ ಕೂಗಿದಾಗ ಅವರು ಆರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಆಕಾಶದ ವಿಡಿಯೊ ಮಾಡುತ್ತಿದ್ದರು. ಫೋನಿನಲ್ಲಿ ನನಗೆ ಸೈರನ್ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಿಟಕಿಗಳಿಲ್ಲದ ಒಳಗಿನ ಮೆಟ್ಟಿಲ ಹತ್ತಿರ ಹೋಗಿ ಕೂರಿ ಎಂದು ಎರಡು ಸಲ ಗದರಿ ಹೇಳಬೇಕಾಯಿತು. ಅವರಿಗೆ ಏನೂ ಆಗಲಿಲ್ಲ. ತೊಂದರೆ ಶುರುವಾದದ್ದು ಮರುದಿನ: ವಿಮಾನ ರದ್ದಾಯಿತು, ಕೈಯಲ್ಲಿ ಬಿಪಿ ಮಾತ್ರೆ ಇದ್ದದ್ದು ಮೂರು ದಿನಕ್ಕೆ, ಊರು ಸೇರಿದ್ದು ಆರನೇ ದಿನ. ಸಂಘರ್ಷದ ನೆರೆಯ ದೇಶದಲ್ಲಿ ಪ್ರಯಾಣಿಕನಿಗೆ ಪೆಟ್ಟು ಬೀಳುವ ಸಾಧ್ಯತೆಗಿಂತ ಅವನು ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚು. ಅಪ್ಪ ಅಮ್ಮ ಹತ್ತು ದಿನ ಹೆಚ್ಚಿಗೆ ಅಲ್ಲೇ ಉಳಿಯಬೇಕಾಗಿ ಬಂದರೆ ತಾಳಿಕೊಳ್ಳಬಲ್ಲರೇ ಎಂಬ ಪ್ರಶ್ನೆಗೆ ಮೊದಲು ಮನೆಯಲ್ಲಿ ಕೂತು ಉತ್ತರ ಕಂಡುಕೊಳ್ಳಿ.

ಪ್ರಶ್ನೆ (ಅದೇ ಸದಸ್ಯೆ): ವಿವರವಾಗಿ ಬರೆದದ್ದಕ್ಕೆ ಧನ್ಯವಾದ ಸರ್. ಸೇತುವೆ ದಾಟುವುದರ ಬಗ್ಗೆ ಭಯವಿದೆ. ಟಿಕೆಟ್ ವಿಚಾರದಲ್ಲಿ ಏಜೆಂಟರನ್ನು ಏನು ಕೇಳಬೇಕು? ಹೋಗುವುದು ದುಬೈ ಮೇಲಿನಿಂದ.

ಉತ್ತರ: ನಿಮ್ಮ ಯಾತ್ರೆಯಲ್ಲಿ ತೀರಾ ನಾಜೂಕಾದ ದಿನ ಸೇತುವೆಯದೇ, ಮೇಡಂ. ಅದನ್ನು ಜೋರ್ಡಾನಿನವರು ಕಿಂಗ್ ಹುಸೇನ್ ಸೇತುವೆ ಎನ್ನುತ್ತಾರೆ, ಇಸ್ರೇಲಿನವರು ಅಲೆನ್‌ಬಿ ಎನ್ನುತ್ತಾರೆ. 2024ರ ಸೆಪ್ಟೆಂಬರ್ 8ರಂದು ಅಲ್ಲಿ ಗುಂಡಿನ ದಾಳಿಯಲ್ಲಿ ಮೂವರು ಇಸ್ರೇಲಿಗಳು ಸತ್ತರು. 2025ರ ಸೆಪ್ಟೆಂಬರ್ 18ರಂದು ಮತ್ತೆ ಇಬ್ಬರು ಸತ್ತರು. ಎರಡು ಸಲವೂ ಗಡಿ ಮುಚ್ಚಿತು. ಏನೂ ನಡೆಯದ ವಾರಗಳಲ್ಲೂ ಶುಕ್ರವಾರ, ಶನಿವಾರ ಅಲ್ಲಿ ಬೇಗ ಬಾಗಿಲು ಹಾಕುತ್ತಾರೆ. ಸೇತುವೆ ಮುಚ್ಚಿದರೆ ಉತ್ತರದ ಶೇಖ್ ಹುಸೇನ್ ದಾಟು, ದಕ್ಷಿಣದಲ್ಲಿ ಅಕಾಬಾ ಹತ್ತಿರದ ವಾದಿ ಅರಬಾ ದಾಟು ಉಳಿಯುತ್ತವೆ. ಅಕಾಬಾ ಅಮ್ಮಾನ್‌ನಿಂದ 330 ಕಿಲೋಮೀಟರ್ ದೂರ; ನಿಮ್ಮ ತಂಡದ ಹಿರಿಯರಿಗೆ ಅದು ಇಡೀ ದಿನದ ಬಸ್ ಪ್ರಯಾಣ. ಆ ದಿನ ಸೇತುವೆ ತೆರೆಯದಿದ್ದರೆ ತಂಡ ಎಲ್ಲಿ ಉಳಿಯುತ್ತದೆ, ಹೆಚ್ಚುವರಿ ಖರ್ಚು ಯಾರದು ಎಂಬುದನ್ನು ಏಜೆಂಟರಿಂದ ಲಿಖಿತವಾಗಿ ಪಡೆಯಿರಿ. ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೊಂದು ಮಾತನ್ನೂ ಗಮನದಲ್ಲಿಡಿ. ಈ ಸೇತುವೆಯಲ್ಲಿ ಜೋರ್ಡಾನ್ ವೀಸಾ ಕೊಡುವುದಿಲ್ಲ; ಆದ್ದರಿಂದ ತುರ್ತಾಗಿ ಜೋರ್ಡಾನಿಗೇ ಹಿಂದಿರುಗಬೇಕಾದರೆ ನಿಮ್ಮವರ ವೀಸಾ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಈಗಲೇ ಕೇಳಿ.

ಟಿಕೆಟ್ ವಿಚಾರದಲ್ಲಿ, ಮಂಗಳೂರಿನಿಂದ ಅಮ್ಮಾನ್‌ವರೆಗೆ ಒಂದೇ ಪಿಎನ್‌ಆರ್ ಇದೆಯೇ ಎಂಬುದನ್ನು ತಪ್ಪದೆ ನೋಡಿ. ಅಗ್ಗವಾಗಲಿ ಎಂದು ಮಂಗಳೂರು–ದುಬೈ ಒಂದು ಟಿಕೆಟ್, ದುಬೈ–ಅಮ್ಮಾನ್ ಬೇರೆ ಟಿಕೆಟ್ ಮಾಡುವುದುಂಟು. ಆಗ ಎರಡನೆಯದು ರದ್ದಾದರೆ ಮೊದಲಿನ ವಿಮಾನದವರಿಗೆ ನಿಮ್ಮ ಜವಾಬ್ದಾರಿ ಇರುವುದಿಲ್ಲ, 38 ಜನ ದುಬೈಯಲ್ಲಿ ಚೀಲದ ಮೇಲೆ ಕೂರಬೇಕಾಗುತ್ತದೆ. ಕೊಲ್ಲಿಯ ನಿಲ್ದಾಣಗಳೂ ಇದರಿಂದ ಹೊರತಲ್ಲ: 2025ರ ಜೂನ್ 23ರಂದು ಇರಾನ್ ಕತಾರಿನ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಕತಾರ್ ಆಕಾಶ ಕೆಲವು ಗಂಟೆ ಮುಚ್ಚಿತ್ತು, ಸುತ್ತಲಿನ ದೇಶಗಳ ವಿಮಾನಗಳೂ ತಡವಾದವು. ಹೀಗಾಗಿ ದುಬೈಯಲ್ಲಿರುವ ನಿಮ್ಮ ಅಣ್ಣನ ಆತಂಕವನ್ನು ಹಗುರವಾಗಿ ಕಾಣಬೇಡಿ. ಒಂದು ವೇಳೆ ತಂಡ ಅಲ್ಲಿ ತಂಗುವಂತಾದರೆ ನಿಮ್ಮವರಿಗೆ ಆಸರೆ ಅವರೇ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬ ಸದಸ್ಯರು): ಸರ್, ಬೇರೆ ಬೇರೆ ಸರ್ಕಾರಗಳ ಪ್ರಯಾಣ ಸಲಹೆಯಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾವುದನ್ನು ನಂಬಬೇಕು? ಸಲಹೆಯಲ್ಲಿ ಬೇಡ ಎಂದಿದ್ದರೆ ಇನ್ಶೂರೆನ್ಸ್ ಸಿಗುತ್ತದೆಯೇ?

ಉತ್ತರ: ಭಾರತೀಯರಿಗೆ ಮೊದಲು ಬರುವುದು ನಮ್ಮ ವಿದೇಶಾಂಗ ಸಚಿವಾಲಯದ ಮತ್ತು ಅಮ್ಮಾನ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ಮಾತು, ಏಕೆಂದರೆ ಕಷ್ಟ ಬಂದಾಗ ಕರೆತರುವವರು ಅವರೇ. ಜೂನ್‌ನ ಆಪರೇಷನ್ ಸಿಂಧು ಎಂಬ ತೆರವು ಕಾರ್ಯಾಚರಣೆಯನ್ನು ನೆನಪಿಸಿಕೊಳ್ಳಿ. ಇಸ್ರೇಲಿನಲ್ಲಿದ್ದ ನಮ್ಮವರಲ್ಲಿ ಹಲವರನ್ನು ಭೂಮಾರ್ಗದಲ್ಲಿ ಜೋರ್ಡಾನಿಗೆ ದಾಟಿಸಿ ಅಮ್ಮಾನ್‌ನಿಂದ ದೆಹಲಿಗೆ ಕರೆತಂದರು. ಜೋರ್ಡಾನ್ ಎಂದರೆ ಅಪಾಯ ಎಂದು ಹೆದರುವವರು ಇದನ್ನೂ ತಿಳಿದಿರಬೇಕು. ಯುದ್ಧದ ಹೊತ್ತಿನಲ್ಲಿ ಹೊರಬರುವ ಬಾಗಿಲಾದದ್ದು ಆ ದೇಶವೇ.

ಬೇರೆ ದೇಶಗಳ ಸಲಹೆಗಳನ್ನು ಬಣ್ಣ ನೋಡಿ ಓದಬೇಡಿ, ಸಾಲು ನೋಡಿ ಓದಿ. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸಲಹೆ ಇಡೀ ಜೋರ್ಡಾನ್ ಬೇಡ ಎನ್ನುತ್ತಿರಲಿಲ್ಲ. ಸಿರಿಯಾ ಗಡಿಯಿಂದ 3 ಕಿಲೋಮೀಟರ್ ಒಳಗೆ ತೀರಾ ಅಗತ್ಯವಿದ್ದರೆ ಮಾತ್ರ ಹೋಗಿ ಎನ್ನುತ್ತಿತ್ತು. ಅಮೆರಿಕ ದೇಶಕ್ಕೆಲ್ಲ ಒಂದರಿಂದ ನಾಲ್ಕರವರೆಗೆ ಒಂದು ದರ್ಜೆ ಕೊಟ್ಟು, ಗಡಿ ಪ್ರದೇಶಗಳಿಗೆ ಬೇರೆ ಎಚ್ಚರಿಕೆ ಬರೆಯುತ್ತದೆ. ದರ್ಜೆಗಿಂತ ಸಲಹೆ ಯಾವ ದಿನ ಬದಲಾಯಿತು, ಯಾವ ವಾಕ್ಯ ಹೊಸದಾಗಿ ಸೇರಿತು ಎಂಬುದು ನನಗೆ ಹೆಚ್ಚು ಮುಖ್ಯ. ಯಾವುದಾದರೂ ರಾಯಭಾರ ಕಚೇರಿ ತನ್ನ ಸಿಬ್ಬಂದಿಯ ಕುಟುಂಬಗಳನ್ನು ವಾಪಸ್ ಕಳುಹಿಸಲು ಶುರುಮಾಡಿದರೆ ನಾನು ಆ ದಿನವೇ ನಮ್ಮವರ ಪ್ರಯಾಣ ನಿಲ್ಲಿಸುತ್ತೇನೆ.

ಇನ್ಶೂರೆನ್ಸ್ ವಿಚಾರದಲ್ಲಿ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಮಾರುವ ಪ್ರವಾಸ ವಿಮೆಗಳು ಸಾಮಾನ್ಯವಾಗಿ ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ಕಾಲು ಜಾರಿ ಬಿದ್ದರೆ ಆಸ್ಪತ್ರೆ ಖರ್ಚು ಬರಬಹುದು, ಆದರೆ ಕ್ಷಿಪಣಿಯ ಕಾರಣಕ್ಕೆ ಆಕಾಶ ಮುಚ್ಚಿ ಐದು ದಿನ ಹೋಟೆಲಿನಲ್ಲಿ ಉಳಿದ ಖರ್ಚು ಬರುತ್ತದೆಂದು ಎಣಿಸಬೇಡಿ. ಪಾಲಿಸಿ ಕೊಳ್ಳುವ ಮೊದಲು ಇದೇ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಸದಸ್ಯೆ): ಯುದ್ಧ ಬಿಟ್ಟು ಬೇರೆ ಅಪಾಯವಿದೆಯೇ ಸರ್? ನಾವೂ ಅದೇ ಸಮಯಕ್ಕೆ ಪೆಟ್ರಾಗೆ ಹೋಗುವವರಿದ್ದೇವೆ.

ಉತ್ತರ: ಇದನ್ನು ಕೇಳಿದ್ದಕ್ಕೆ ಸಂತೋಷ, ಏಕೆಂದರೆ ಎಲ್ಲರ ಕಣ್ಣು ಆಕಾಶದ ಮೇಲಿರುವಾಗ ನೆಲದ ಮೇಲಿನದು ಮರೆತುಹೋಗುತ್ತದೆ. 2018ರ ಅಕ್ಟೋಬರ್ 25ರಂದು ಮೃತ ಸಮುದ್ರದ ಬಳಿ ಹಠಾತ್ ಪ್ರವಾಹದಲ್ಲಿ 21 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು. ಎರಡು ವಾರದ ನಂತರ, ನವೆಂಬರ್ 9ರಂದು, ಮತ್ತೆ ಪ್ರವಾಹ ಬಂದು ಪೆಟ್ರಾದಿಂದ ಸಾವಿರಾರು ಪ್ರವಾಸಿಗರನ್ನು ತೆರವು ಮಾಡಬೇಕಾಯಿತು. 1963ರಲ್ಲಿ ಪೆಟ್ರಾದ ಸೀಕ್ ಎಂಬ ಕಿರಿದಾದ ಕಣಿವೆಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ನೀರು ನುಗ್ಗಿ ಸತ್ತಿದ್ದರು. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ, ನೀರು ಹೀರದ ಕಲ್ಲುನೆಲದ ಮೇಲೆ ಜಾರಿ ಕೆಲವೇ ನಿಮಿಷಗಳಲ್ಲಿ ಕಣಿವೆಗೆ ಇಳಿಯುತ್ತದೆ. ಮಲೆನಾಡಿನ ಮಳೆ ಕಂಡವರಿಗೆ ಮರುಭೂಮಿಯ ಮಳೆ ಏನು ಮಹಾ ಎನ್ನಿಸುತ್ತದೆ. ನಮ್ಮಲ್ಲಿ ಮಣ್ಣು ಮತ್ತು ಬೇರು ನೀರನ್ನು ಹಿಡಿದಿಡುತ್ತವೆ, ಅಲ್ಲಿ ಹಿಡಿಯುವವರಿಲ್ಲ. ಅಕ್ಟೋಬರ್ ಕೊನೆಯಿಂದ ಮಳೆಗಾಲ ಶುರುವಾಗುವುದರಿಂದ ಬೆಳಿಗ್ಗೆ ಹವಾಮಾನ ಮುನ್ಸೂಚನೆ ನೋಡದೆ ಕಣಿವೆಗೆ ಇಳಿಯಬೇಡಿ. ಮಾರ್ಗದರ್ಶಿ ಹೊರಡಿ ಎಂದರೆ ಫೋಟೊ ಅರ್ಧಕ್ಕೇ ಬಿಟ್ಟು ಹೊರಡಿ. ಅಮ್ಮಾನ್‌ನಿಂದ ಪೆಟ್ರಾವರೆಗಿನ ಸುಮಾರು 230 ಕಿಲೋಮೀಟರ್ ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಬೇಡ.

ಪ್ರಶ್ನೆ (ಬಂಟ್ವಾಳದ ಸದಸ್ಯೆ): ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ ಸರ್. ಅಣ್ಣನೂ ಸ್ವಲ್ಪ ತಣ್ಣಗಾಗಿದ್ದಾನೆ. ಅಮ್ಮ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನೀವಾಗಿದ್ದರೆ ಕಳುಹಿಸುತ್ತಿದ್ದಿರಾ?

ಉತ್ತರ: ಈಗಿನ, ಅಂದರೆ 2025ರ ಅಕ್ಟೋಬರ್‌ನ ಸ್ಥಿತಿಯಲ್ಲಿ ಜೋರ್ಡಾನ್ ಭಾಗಕ್ಕೆ ಕಳುಹಿಸುತ್ತಿದ್ದೆ. ಜೆರುಸಲೇಮ್ ಭಾಗವನ್ನು ಹೊರಡುವ ಹತ್ತು ದಿನ ಮೊದಲು ತೀರ್ಮಾನಿಸುತ್ತಿದ್ದೆ. ಆದ್ದರಿಂದ ಬಾಕಿ ಹಣ ಕಟ್ಟುವ ಮೊದಲು, ಸೇತುವೆ ದಾಟದೆ ಜೋರ್ಡಾನ್ ಮುಗಿಸಿ ಅಮ್ಮಾನ್‌ನಿಂದಲೇ ಹಿಂದಿರುಗುವ ಆಯ್ಕೆಯನ್ನು ಏಜೆಂಟರಿಂದ ಬರೆಸಿಕೊಳ್ಳಿ. ಒಪ್ಪದಿದ್ದರೆ ಮುಂಗಡ ಹೋದರೂ ಚಿಂತೆಯಿಲ್ಲ, ಬಿಟ್ಟುಬಿಡಿ. ಯಾವ ಸುದ್ದಿ ಬಂದರೆ ಪ್ರಯಾಣ ಬೇಡ ಎಂಬುದನ್ನೂ ಇಂದೇ ಕಾಗದದ ಮೇಲೆ ಬರೆದಿಡಿ: ಇಸ್ರೇಲ್ ಮತ್ತು ಇರಾನ್ ನಡುವೆ ನೇರ ದಾಳಿ, ಜೋರ್ಡಾನ್ ವಾಯುಪ್ರದೇಶ ಮುಚ್ಚುವುದು, ನಮ್ಮ ಸಚಿವಾಲಯ ಬೇಡ ಎನ್ನುವುದು. ಸೂಟ್‌ಕೇಸ್ ಕಟ್ಟಿದ ಮೇಲೆ ಯೋಚಿಸಲು ಕೂತರೆ ಮನಸ್ಸು ಹೋಗುವ ಕಡೆಗೇ ವಾಲುತ್ತದೆ.

ಅಮ್ಮನ ಆಸೆಯ ಬಗ್ಗೆ ಒಂದು ಮಾತು. ದೀಕ್ಷಾಸ್ನಾನದ ಸ್ಥಳವಾದ ಮಗ್ತಸ್ ಜೋರ್ಡಾನ್ ದಡದಲ್ಲೇ ಇದೆ. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತಾಣ ಅದು. ನದಿ ಅಲ್ಲಿ ಕೆಲವೇ ಮೀಟರ್ ಅಗಲದ ಕಂದು ನೀರು, ಆಚೆ ದಡ ಇಸ್ರೇಲಿನ ಕೈಯಲ್ಲಿದೆ. ಮೆಟ್ಟಿಲಿಳಿದು ನೀರು ಮುಟ್ಟಲು ಅವರು ಯಾವ ಗಡಿಯನ್ನೂ ದಾಟಬೇಕಾಗಿಲ್ಲ.

ಇನ್ಸುಲಿನನ್ನು ಯಾತ್ರೆಯ ದಿನಗಳ ಜೊತೆಗೆ ಇನ್ನೂ ಹದಿನೈದು ದಿನಕ್ಕೆ ಆಗುವಷ್ಟು ಕೊಡಿ. ಅದು ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಅಲ್ಲ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರೂ ಇರಲಿ. ಹೋಟೆಲಿನ ವಿಳಾಸವನ್ನು ಅರಬ್ಬಿಯಲ್ಲಿ ಬರೆಸಿ ಇಬ್ಬರ ಜೇಬಿನಲ್ಲೂ ಒಂದೊಂದು ಪ್ರತಿ ಇಡಿ. ಆ ಭಾಗದಲ್ಲಿ ಜಿಪಿಎಸ್‌ಗೆ ಅಡ್ಡಿ ಮಾಡುವುದುಂಟು. 2024ರಲ್ಲಿ ಇಸ್ರೇಲಿನಲ್ಲಿದ್ದವರ ಫೋನುಗಳು ತಾವು ಬೈರೂತ್ ವಿಮಾನ ನಿಲ್ದಾಣದಲ್ಲಿರುವುದಾಗಿ ತೋರಿಸುತ್ತಿದ್ದವು. ಜೋರ್ಡಾನಿನ ತುರ್ತು ಸಂಖ್ಯೆ 911. ಸೈರನ್ ಕೇಳಿದರೆ ಕಿಟಕಿಯಿಂದ ದೂರ ಹೋಗಿ ಒಳಗಿನ ಮೆಟ್ಟಿಲ ಬಳಿ ಕೂರಬೇಕು, ಬಿದ್ದ ಯಾವ ತುಣುಕನ್ನೂ ಮುಟ್ಟಬಾರದು. ಇದನ್ನು ಅಪ್ಪನಿಗೆ ನೀವೇ ಒಮ್ಮೆ ಮಾಡಿ ತೋರಿಸಿ.