ಸೆಸ್ನಾ 172: ಎಮರ್ಜೆನ್ಸಿ ಡಿಸೆಂಟ್‌ನಲ್ಲಿ ಫ್ಲಾಪ್ ಇಳಿಸಬೇಕಾ ಬೇಡ್ವಾ?

ಕಲಿಯುವವ: ಸೆಸ್ನಾ 172ಎಸ್ ಅನ್ನುವ ಸಣ್ಣ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದೇನೆ. ಎಮರ್ಜೆನ್ಸಿ ಡಿಸೆಂಟ್‌ಗೆ (ತುರ್ತಾಗಿ ಬೇಗ ಕೆಳಗಿಳಿಯುವುದಕ್ಕೆ) ಒಬ್ಬ ಇನ್‌ಸ್ಟ್ರಕ್ಟರ್ ಪವರ್ ಐಡಲ್ (ಎಂಜಿನ್ ಶಕ್ತಿ ಅತಿ ಕಡಿಮೆ), ಫುಲ್ ಫ್ಲಾಪ್ (ರೆಕ್ಕೆಯ ಹಿಂದಂಚಿನ ಪಟ್ಟಿ ಪೂರ್ತಿ ಕೆಳಗೆ), ಸ್ಪೀಡ್ 85 ನಾಟ್ ಅನ್ನುತ್ತಾರೆ. ಇನ್ನೊಬ್ಬರು ಫ್ಲಾಪ್ ಮುಟ್ಟಲೇಬೇಡ, ಮೂಗು ಇಳಿಸಿ ಸ್ಪೀಡ್ ಏರಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ? ಇಳಿಯುವಾಗ ಬ್ಯಾಂಕ್ (ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸುವುದು) ಬೇರೆ ಯಾಕೆ, ನೇರವಾಗಿ ಇಳಿದರೆ ಆಗಲ್ವಾ?

ಹಳೇ ರೆಕ್ಕೆ: ಇಬ್ಬರೂ ಸರಿ. ಯಾತಕ್ಕೆ ಇಳಿಯುತ್ತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಜೊತೆಗಿದ್ದವರಿಗೆ ಹುಷಾರಿಲ್ಲ, ಎಂಜಿನ್ ಚೆನ್ನಾಗಿದೆ ಅಂದರೆ ಫ್ಲಾಪ್ ಹಾಕಿಯೂ ಇಳಿಯಬಹುದು, ಆದರೆ ಫುಲ್ ಫ್ಲಾಪ್‌ಗೆ 85 ದಾಟುವ ಹಾಗಿಲ್ಲ. ಫ್ಲಾಪ್ ಇಲ್ಲದೆ ಇಳಿದರೆ ಸ್ಪೀಡ್ ಮೀಟರಿನ ಹಸಿರು ಗುರುತು 129ಕ್ಕೆ ಮುಗಿಯುತ್ತದೆ, ಅದರಾಚೆ ಗಾಳಿ ಪೂರ್ತಿ ಶಾಂತವಾಗಿದ್ದರೆ ಮಾತ್ರ, ಕೆಂಪು ಗೆರೆ (ದಾಟಲೇಬಾರದ ಮಿತಿ) 163. ಕುಲುಕಾಟ ಇದ್ದರೆ 105ರೊಳಗೇ ಇರಿ, ವಿಮಾನ ಹಗುರವಾಗಿದ್ದರೆ ಇನ್ನೂ ಕಡಿಮೆ.

ಬ್ಯಾಂಕ್ ಸುಮ್ನೆ ಅಲ್ಲ. ಮೂಗನ್ನು ನೇರ ಕೆಳಗೆ ತಳ್ಳಿದರೆ ಮೈ ಸೀಟಿನಿಂದ ಮೇಲೇಳುತ್ತದೆ, ಬಿಡಿ ಸಾಮಾನೆಲ್ಲ ಹಾರುತ್ತದೆ. 30ರಿಂದ 45 ಡಿಗ್ರಿ ವಾಲಿಸಿದರೆ ಮೂಗು ತಾನಾಗಿ ಇಳಿಯುತ್ತದೆ, ಕೆಳಗೆ ಬೇರೆ ವಿಮಾನ ಇದೆಯಾ ಅಂತಲೂ ಕಾಣುತ್ತದೆ. ಹೊರಬರುವಾಗ ಮೊದಲು ರೆಕ್ಕೆ ಸಮ ಮಾಡಿ, ಆಮೇಲೆ ನಿಧಾನಕ್ಕೆ ಎಳೆಯಿರಿ.

ಮಿಕ್ಸ್ಚರ್ ಮೇಡಂ: ಎಂಜಿನ್‌ಗೆ ಬೆಂಕಿ ಬಿದ್ದರೆ ಕಥೆಯೇ ಬೇರೆ. ಮಿಕ್ಸ್ಚರ್ (ಎಂಜಿನ್‌ಗೆ ಹೋಗುವ ಇಂಧನದ ಹತೋಟಿ) ಕಟಾಫ್, ಫ್ಯುಯೆಲ್ ಶಟಾಫ್ ಎಳೆಯಿರಿ, ಪಂಪ್ ಆಫ್, ಮಾಸ್ಟರ್ (ಕರೆಂಟಿನ ಮುಖ್ಯ ಸ್ವಿಚ್) ಆಫ್, ಕ್ಯಾಬಿನ್ ಹೀಟ್ ಮತ್ತು ಏರ್ ಮುಚ್ಚಿ, 100 ನಾಟ್. ಆರಲಿಲ್ಲವಾ, ಇನ್ನೂ ಸ್ಪೀಡ್ ಏರಿಸಿ. ಆರಿತು ಅಂತ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಒಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ: ಈ ವಿಮಾನದ ಫ್ಲಾಪ್ ಕರೆಂಟಿನದು. ಮಾಸ್ಟರ್ ಹೋದರೆ ಫ್ಲಾಪ್ ಅಲ್ಲಾಡುವುದಿಲ್ಲ, ರೇಡಿಯೋನೂ ಇಲ್ಲ, 7700 (ತುರ್ತು ಸಂಕೇತ) ಹಾಕಿದ್ದ ಟ್ರಾನ್ಸ್‌ಪಾಂಡರೂ (ರಾಡಾರ್‌ಗೆ ಉತ್ತರಿಸುವ ಸಾಧನ) ಇಲ್ಲ. ಮೊದಲೇ ಫುಲ್ ಫ್ಲಾಪ್ ಇಳಿಸಿದ್ದರೆ 85 ದಾಟಿ ಬೆಂಕಿ ಆರಿಸುವುದು ಹೇಗೆ?

ಜಕ್ಕೂರು ಕಡೆಯವ: ಇನ್ನೊಂದು. ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್‌ನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ, ಉತ್ತರಕ್ಕೆ ನಂದಿ ಬೆಟ್ಟ 4,800 ದಾಟುತ್ತದೆ. ಸಮುದ್ರದ ಪಕ್ಕದ ಏರ್‌ಫೀಲ್ಡ್‌ನಲ್ಲಿ ಕಲಿತವರು ಇಲ್ಲಿಗೆ ಬಂದು 'ಎರಡು ಸಾವಿರಕ್ಕೆ ಲೆವೆಲ್ ಆಗುತ್ತೇನೆ' ಅಂದರೆ ಅದು ಮಣ್ಣಿನೊಳಗೆ! ನಿಮಿಷಕ್ಕೆ 2,000 ಅಡಿ ಇಳಿಯುತ್ತಿದ್ದರೆ 200 ಅಡಿ ಮೊದಲೇ ಲೆವೆಲ್ ಆಗಲು ಶುರು ಮಾಡಿ. ಪ್ರಾಕ್ಟೀಸ್‌ನಲ್ಲಿ ನಡುನಡುವೆ ಸ್ವಲ್ಪ ಪವರ್ ಕೊಡಿ, ಎಂಜಿನ್ ತೀರಾ ತಣ್ಣಗಾಗುವುದು ಬೇಡ.

ಕಲಿಯುವವ: ಥ್ಯಾಂಕ್ಸ್. ಮೇಡಂ, ಹಾಗಾದರೆ ಬೆಂಕಿ ಆರಿದ ಮೇಲೆ ಹೊಲದಲ್ಲಿ ಫ್ಲಾಪ್ ಇಲ್ಲದೇ ಇಳಿಸಬೇಕಾ?

ಮಿಕ್ಸ್ಚರ್ ಮೇಡಂ: ಹೌದು, ಹಾಗೇ ಅಂದುಕೊಂಡು ಉದ್ದದ ಹೊಲ ಹುಡುಕಿ. ಫ್ಲಾಪ್ ಇಲ್ಲದಿದ್ದರೆ 70 ನಾಟ್ ಅಂತ 172ಎಸ್‌ನ ಪುಸ್ತಕದಲ್ಲೇ ಇದೆ. ಬೇರೆ ವಿಮಾನಕ್ಕೆ ಈ ಯಾವ ನಂಬರೂ ನಡೆಯಲ್ಲ.