ಪದ ಬೇಕು: ಯಂತ್ರದ ‘ಬಯಾಸ್’ಗೆ ಏನನ್ನೋಣ?

ಕೋಲಾರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಕೆಲಸ ಹುಡುಕುವ ಹೆಣ್ಣುಮಕ್ಕಳಿಗೆ ಕಾನೂನು ತಿಳಿಸಲು ಭಾನುವಾರ ಇಲ್ಲಿ ಸಭೆ ಇಟ್ಟುಕೊಂಡಿದ್ದೇವೆ. ಡೂಂಲೈಟ್ ಸರ್ಕಲ್ ಹತ್ತಿರದ ಅಂಗಡಿಯವರು ಬ್ಯಾನರ್‌ನ ಮಾತು ಕೊಡಿ ಅಂತ ಎರಡು ಸಲ ಫೋನ್ ಮಾಡಿದ್ದಾರೆ. ಈಗ ಅರ್ಜಿ ಸೋಸುವುದಕ್ಕೂ ಎಐ (ಕೃತಕ ಬುದ್ಧಿಮತ್ತೆ) ಬಂದಿದೆ. ಅದರ ‘ಬಯಾಸ್’ಗೆ, ಅಂದರೆ ಅದರ ಲೆಕ್ಕ ಕೆಲವರ ವಿರುದ್ಧ ತಿರುಗುವುದಕ್ಕೆ, ಏನು ಬರೆಯಲಿ? ಡಿಸ್ಕ್ರಿಮಿನೇಷನ್‌ಗೆ ‘ತಾರತಮ್ಯ’ ಇದೆ. ಇದಕ್ಕೂ ಅದನ್ನೇ ಹಾಕಿದರೆ ಎರಡೂ ಒಂದೇ ಆಗಿಬಿಡುತ್ತವೆ. ‘ಪಕ್ಷಪಾತ’ ಅಂದರೆ ಯಾರೋ ಬೇಕಂತಲೇ ಮಾಡಿದ ಹಾಗೆ ಕೇಳಿಸುತ್ತದೆ.

ನನ್ನ ಓರಗಿತ್ತಿ ಹೆರಿಗೆಯಾಗಿ ಎರಡು ವರ್ಷ ಮನೆಯಲ್ಲಿದ್ದಳು. ಮೊನ್ನೆ ಒಂದು ಕಾರ್ಖಾನೆಗೆ ಮೊಬೈಲ್‌ನಲ್ಲೇ ಅರ್ಜಿ ಹಾಕಿದಳು. ಮಗುವಿಗೆ ಹಾಲು ಕಾಯಿಸಿ ಇಳಿಸುವಷ್ಟರಲ್ಲಿ ‘ಆಯ್ಕೆಯಾಗಿಲ್ಲ’ ಅಂತ ಮೆಸೇಜ್ ಬಂತು. ಫೋನ್ ಮಾಡಿದರೆ, ‘ಗ್ಯಾಪ್ ಇದ್ದರೆ ಸಿಸ್ಟಮ್ಮೇ ತೆಗೆದುಹಾಕುತ್ತೆ ಮೇಡಂ, ನಾವ್ಯಾರೂ ನೋಡಿಲ್ಲ’ ಅಂದರು. ಜಗಳ ಆಡೋಣ ಅಂದರೆ ಎದುರಿಗೆ ಮನುಷ್ಯರೇ ಇಲ್ಲ. ಅದಕ್ಕೇ ಈ ಪದ ಕೇಳುತ್ತಿದ್ದೇನೆ.

ತುಮಕೂರಿನಿಂದ:

ಮೊದಲು ‘ತಾರತಮ್ಯ’ ಬಿಡಿ. ತರ, ತಮ ಎರಡೂ ಹೋಲಿಕೆಯ ಪ್ರತ್ಯಯಗಳು. ಹೆಚ್ಚು ಕಡಿಮೆ ತೂಗಿ ನೋಡುವುದು ಅಂತ ಅರ್ಥ. ಮಾಧ್ವರ ಸಿದ್ಧಾಂತದಲ್ಲಿ ಅದು ಬೈಗುಳವಲ್ಲ. ‘ತಾರತಮ್ಯ ಜ್ಞಾನ ಇಲ್ಲ’ ಅಂತ ಬೈಯುತ್ತೇವೆ. ಅಂದರೆ ಅದು ಇರಬೇಕಾದ ಗುಣ, ಅಲ್ವಾ? ಅಂಥ ಪದವನ್ನು ಅನ್ಯಾಯಕ್ಕೆ ಅಂಟಿಸಿದ್ದೇ ತಪ್ಪು. ‘ಭೇದ’ ಸಾಕು. ದಯವಿಟ್ಟು ‘ಬೇಧ’ ಅಂತ ಬರೆಸಬೇಡಿ.

ಬಾಗೇಪಲ್ಲಿಯಿಂದ:

ನಮ್ಮ ಕಡೆ ತೆಲುಗು ಪೇಪರ್ ಓದುವವರಿಗೆಲ್ಲ ‘ವಿವಕ್ಷ’ ಗೊತ್ತು. ಡಿಸ್ಕ್ರಿಮಿನೇಷನ್‌ಗೆ ಅಲ್ಲಿ ಅದೇ ಪದ. ಅದನ್ನು ತೆಗೆದುಕೊಂಡರೆ ‘ತಾರತಮ್ಯ’ ಬಯಾಸ್‌ಗೆ ಉಳಿಯುತ್ತದೆ.

ತುಮಕೂರಿನಿಂದ:

ಆಗುವುದಿಲ್ಲ. ವಿವಕ್ಷೆ ಅಂದರೆ ಹೇಳಬೇಕೆಂಬ ಇಚ್ಛೆ. ತೆಲುಗಿನಲ್ಲಿ ದಾರಿ ತಪ್ಪಿದ ಪದವನ್ನು ನಾವ್ಯಾಕೆ ಹೊತ್ತು ತರಬೇಕು?

ಬಾಗೇಪಲ್ಲಿಯಿಂದ:

ದಾರಿ ತಪ್ಪಿದೆ ಅಂದರೆ? ನಿಮ್ಮ ಲೆಕ್ಕದಲ್ಲಿ ‘ತಾರತಮ್ಯ’ವೂ ತಪ್ಪಿದೆಯಲ್ಲ ಸ್ವಾಮಿ. ಸಂಸ್ಕೃತದಿಂದ ತಂದರೆ ಸ್ವಂತದ್ದು, ತೆಲುಗಿನಿಂದ ತಂದರೆ ಮಾತ್ರ ಸಾಲವೇ? ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡೂ ನಮ್ಮವೇ. ಗಡಿ ತಾಲ್ಲೂಕಿನವರು ಬಾಯಿ ತೆಗೆದರೆ ಸಾಕು, ಸುಮ್ನೆ ತಿದ್ದುವುದಕ್ಕೆ ಬರುತ್ತೀರಿ.

ಚಿಂತಾಮಣಿಯಿಂದ:

ಎರಡೂ ಬೇಡ. ಅಚ್ಚಗನ್ನಡದ ‘ಓರೆ’ ಇದೆ. ಬಯಾಸ್ ಅನ್ನುವುದು ಫ್ರೆಂಚಿನಿಂದ ಬಂದ ಪದ, ಅದರ ಮೂಲ ಅರ್ಥವೂ ಓರೆಯೇ. ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ನಮ್ಮ ಟೈಲರ್‌ಗಳು ಅದನ್ನು ಕ್ರಾಸ್ ಕಟಿಂಗ್ ಅನ್ನುತ್ತಾರೆ, ಬೇಜಾರು. ‘ಎಐ ಓರೆ’ ಅಂತ ಬರೆಸಿ.

ಕೋಲಾರದಿಂದ:

‘ಎಐ ಓರೆ’ ಅಂದರೆ ನಮ್ಮ ಸಭೆಗೆ ಬರುವ ಅಕ್ಕಂದಿರಿಗೆ ಏನೂ ತಿಳಿಯುವುದಿಲ್ಲ. ಆದರೆ ದಾರಿ ಸರಿ ಇದೆ. ನನಗೆ ಬೇಕಾದ ಪದದಲ್ಲಿ ಮನಸ್ಸಿನ ಮಾತು ಬರಬಾರದು. ಅದಕ್ಕೇ ‘ಪೂರ್ವಗ್ರಹ’ವನ್ನೂ ಬಿಟ್ಟೆ.

ಕಾನೂನಿನಲ್ಲೂ ಈ ವ್ಯತ್ಯಾಸ ದೊಡ್ಡದು. ಅಮೆರಿಕದ ಡ್ಯೂಕ್ ಪವರ್ ಕಂಪನಿ ಕೆಲವು ಕೆಲಸಗಳಿಗೆ ಹೈಸ್ಕೂಲ್ ಪಾಸಾಗಿರಬೇಕು ಅಂತ ನಿಯಮ ಇಟ್ಟಿತ್ತು. ಕೆಲಸಕ್ಕೂ ಆ ಓದಿಗೂ ಸಂಬಂಧ ಇರಲಿಲ್ಲ. ಹೊರಗುಳಿದವರಲ್ಲಿ ಕಪ್ಪು ಜನರೇ ಜಾಸ್ತಿ. ಉದ್ದೇಶ ಏನೇ ಇರಲಿ, ಪರಿಣಾಮ ನೋಡಬೇಕು ಅಂತ 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಸೇನೆಯ ಮಹಿಳಾ ಅಧಿಕಾರಿಗಳ ನಿತಿಶಾ ಪ್ರಕರಣದಲ್ಲಿ ಪರೋಕ್ಷ ತಾರತಮ್ಯವನ್ನು, ಅಂದರೆ ನಿಯಮ ಎಲ್ಲರಿಗೂ ಒಂದೇ ಇದ್ದರೂ ಪೆಟ್ಟು ಕೆಲವರಿಗೇ ಬೀಳುವುದನ್ನು, ಒಪ್ಪಿತು. ಅಮೆಜಾನ್‌ನವರು ಹತ್ತು ವರ್ಷದ ಹಳೆಯ ಅರ್ಜಿಗಳನ್ನು ಕೊಟ್ಟು ಒಂದು ಯಂತ್ರಕ್ಕೆ ಅರ್ಜಿ ಸೋಸುವುದನ್ನು ಕಲಿಸಿದ್ದರು. ಅವುಗಳಲ್ಲಿ ಗಂಡಸರದ್ದೇ ಹೆಚ್ಚು. ‘ಮಹಿಳೆಯರ’ ಅನ್ನುವ ಪದ ಕಂಡರೆ ಅದು ಅಂಕ ಇಳಿಸುತ್ತಿತ್ತು ಅಂತ 2018ರಲ್ಲಿ ಹೊರಬಿತ್ತು. ಹಾಗೆ ಮಾಡು ಅಂತ ಯಾರೂ ಅದಕ್ಕೆ ಹೇಳಿರಲಿಲ್ಲ.

ಹಾಗಾಗಿ ‘ವಾಲು’ ಹಿಡಿದಿದ್ದೇನೆ. ತಕ್ಕಡಿ ವಾಲಿದೆ ಅಂದರೆ, ಯಾರು ವಾಲಿಸಿದರು ಅಂತ ಕೇಳುವ ಮೊದಲೇ ತೂಕ ತಪ್ಪು ಅಂತ ಎಲ್ಲರಿಗೂ ತಿಳಿಯುತ್ತದೆ. ವಾಲುವುದು ಯಂತ್ರದ್ದು, ತಾರತಮ್ಯ ಕೆಲಸ ಕಳೆದುಕೊಂಡವಳಿಗೆ ಆಗಿದ್ದು. ‘ತಾರತಮ್ಯ’ ಬಿಡುವುದಿಲ್ಲ ತುಮಕೂರಿನ ಸರ್, ಕ್ಷಮಿಸಿ. ನಾಳೆ ಅವಳು ಅರ್ಜಿ ಬರೆಯಬೇಕಾದ್ದು ಅದೇ ಪದದಲ್ಲಿ. ತಾರತಮ್ಯ ಮಾಡಬಾರದು ಅನ್ನುವ ಸಂವಿಧಾನದ 15ನೇ ವಿಧಿ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತದೆ. ಖಾಸಗಿ ಕಂಪನಿಯ ವಿಷಯಕ್ಕೆ ಬಂದರೆ, ಒಂದೇ ಬಗೆಯ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವಾಗ ಹೆಣ್ಣು ಗಂಡು ಅಂತ ತಾರತಮ್ಯ ಮಾಡಬಾರದು ಅಂತ 2019ರ ವೇತನ ಸಂಹಿತೆ ಅನ್ನುವ ಕಾನೂನಿನಲ್ಲಿದೆ.

ಬ್ಯಾನರ್‌ಗೆ ಕೊಟ್ಟದ್ದು ಇದು: ‘ಕಂಪ್ಯೂಟರ್ ಲೆಕ್ಕವೂ ಒಂದು ಕಡೆ ವಾಲಬಹುದು. ಹೆಣ್ಣೆಂಬ ಕಾರಣಕ್ಕೆ ಕೆಲಸ ತಪ್ಪಿದರೆ ಅದು ತಾರತಮ್ಯ. ಕೇಳಿ.’

ತುಮಕೂರಿನಿಂದ:

‘ವಾಲು’ ಚೆನ್ನಾಗಿದೆ. ‘ತಾರತಮ್ಯ’ದ ಬಗ್ಗೆ ನನ್ನ ಮಾತು ಬದಲಾಗಿಲ್ಲ.