ಅಪ್‌ಡೇಟ್: ಜೋಮಾಲೆ ಮಾದರಿಯ ಸರಕ್ಕೆ ಮಣಿಗಳು ಸಿಕ್ಕವು

ಮಡಿಕೇರಿಯಲ್ಲಿದ್ದುಕೊಂಡು, ಕೊಡವರ ಸಾಂಪ್ರದಾಯಿಕ ಚಿನ್ನದ ಗುಂಡಿನ ಸರವಾದ ಜೋಮಾಲೆಯ ಮಾದರಿಯಲ್ಲಿ ಸರ ಕಟ್ಟಲು ಮಣಿಗಳನ್ನು ಎಲ್ಲಿಂದ ತರಲಿ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಆನ್‌ಲೈನ್‌ನಲ್ಲಿ ತರಿಸಿದ್ದ ಚಿನ್ನದ ಬಣ್ಣದ ಪ್ಲಾಸ್ಟಿಕ್ ಮಣಿಗಳು ಪೋಣಿಸುವಾಗಲೇ ಬೆರಳಿಗೆ ಬಣ್ಣ ಬಿಟ್ಟವು. ಆದ್ದರಿಂದ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ, ನಿಜವಾದ ಜೋಮಾಲೆಯ ಅರಗು ತುಂಬಿದ ಚಿನ್ನದ ಗುಂಡುಗಳ ಹೊಳಪಿಗೆ ಹತ್ತಿರವಾದ ಹಿತ್ತಾಳೆಯ ಟೊಳ್ಳು ಗುಂಡುಗಳನ್ನೂ, ನಡುನಡುವೆ ಪೋಣಿಸಲು 8ನೇ ನಂಬರಿನ, ಅಂದರೆ ಸುಮಾರು 3 ಮಿಲಿಮೀಟರ್ ಗಾತ್ರದ ಕೆಂಪು ಗಾಜಿನ ಮಣಿಗಳನ್ನೂ ಆರಿಸಿ ತಂದೆ. ಈ ಗಾಜಿನ ಮಣಿಗಳಲ್ಲಿ ನಂಬರು ಹೆಚ್ಚಿದಷ್ಟೂ ಮಣಿ ಚಿಕ್ಕದು. ಗಾಜಿನದು ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ಕೊಳ್ಳುವ ಮುನ್ನ ತೂತಿನ ಅಂಚನ್ನು ತಪ್ಪದೆ ಸವರಿ ನೋಡಿ, ಏಕೆಂದರೆ ಒರಟು ಅಂಚು ದಾರವನ್ನು ದಿನದಿನಕ್ಕೂ ಸವೆಸಿ ಕೊನೆಗೆ ಕತ್ತರಿಸಿಬಿಡುತ್ತದೆ. ಕಪ್ಪು ದಾರದಲ್ಲಿ ಮೊದಲ ಸರ ಸಿದ್ಧವಾಗಿದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಅದನ್ನು ಅವ್ವನ ಕೊರಳಿಗೆ ಹಾಕುತ್ತೇನೆ.